ಹನ್ನೆರಡು ವರ್ಷದ ಉಪ್ಪು

ಮೇ 9, ಶುಕ್ರವಾರ

ತಮ್ಮ ಮುಕ್ತಿಯಾರ್ ಅಮ್ಮಿಯನ್ನು ಕರೆದುಕೊಂಡು ಹಜ್‌ಗೆ ಹೊರಟ. ಓಣಿಯ ಅರ್ಧ ಜನ ಹೂಮಾಲೆ ಹಿಡಿದು ಬಂದಿದ್ದರು, ಇನ್ನರ್ಧ ಜನ ಚಹಾ ಕುಡಿಯಲು ಬಂದಿದ್ದರು. ಅಮ್ಮಿ ಪದ್ಧತಿಯಂತೆ ಒಬ್ಬೊಬ್ಬರ ಕೈ ಹಿಡಿದು, "ಏನಾರ ತಪ್ಪಾಗಿದ್ರ ಮಾಫ್ ಮಾಡ್ರಿ" ಎಂದು ಕೇಳಿದಳು. ನಾನೂ ಮಾಫ್ ಮಾಡಿದೆ. ಪಟ್ಟಿ ಉದ್ದವಿತ್ತು, ಕಾರು ಕಾಯುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಮಾಫ್ ಮಾಡಿಬಿಟ್ಟೆ.

ಕಾರು ಹತ್ತುವಾಗ ಮುಕ್ತಿಯಾರ್ ನನ್ನನ್ನು ಪಕ್ಕಕ್ಕೆ ಕರೆದ. ಏನೋ ದೊಡ್ಡ ಮಾತು ಎಂದುಕೊಂಡೆ.

"ಆಪಾ, ಅಮ್ಮಿದು ಚಿಂತಿ ಇಲ್ಲ, ನನ್ನ ಜೋಡಿ ಅದಾಳ. ನವಾಬಂದ ಚಿಂತಿ. ನಲವತ್ತು ದಿನ ಮೀನು ನೋಡ್ಕೋರಿ."

"ಮತ್ತ ವಸೀಮಾ?"

"ಅವಳದೇನು, ಇರ್ತಾಳ."

ಹೋದ. ಇಪ್ಪತ್ತಾರು ವರ್ಷದಿಂದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ನಾನು ಈ ಬೇಸಿಗೆ ರಜೆಯಲ್ಲಿ ಮೀನಿನ ಆಯಾ. ಮನೆಯಲ್ಲಿ ನನ್ನ ಜೊತೆ ಉಳಿದವಳು ಅವನ ಹೆಂಡತಿ ವಸೀಮಾ ಒಬ್ಬಳೇ. ಲಿಂಗಸುಗೂರಿನ ಬಳೆಗಾರರ ಮಗಳು. ಓದಿದ್ದು ಏಳನೇ ತರಗತಿ. ಈ ಮನೆಗೆ ಬಂದು ಹನ್ನೆರಡು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮಾತನ್ನೆಲ್ಲ ಬರೆದರೆ ಈ ಪುಸ್ತಕದ ಎರಡು ಪುಟ ತುಂಬಬಹುದು. ಅದರಲ್ಲಿ ಒಂದು ಪುಟ "ಹೂಂ ರೀ ಆಪಾ."

ಮೇ 11, ಭಾನುವಾರ

ಸಿಂಧನೂರಿನಲ್ಲಿ ಸಮುದ್ರ! ಸುತ್ತ ಭತ್ತದ ಗದ್ದೆ, ಕಾಲುವೆ, ಅಕ್ಕಿ ಗಿರಣಿಯ ಧೂಳು, ನಲವತ್ಮೂರು ಡಿಗ್ರಿ ಬಿಸಿಲು. ನಮ್ಮ ಹಜಾರದ ಗಾಜಿನ ತೊಟ್ಟಿಯಲ್ಲಿ ಮಾತ್ರ ನಾಲ್ಕು ಅಡಿ ಅರಬ್ಬೀ ಸಮುದ್ರ. ಟೈಲ್ಸ್ ಅಂಗಡಿ ಇಟ್ಟ ತಮ್ಮನಿಗೆ ಶೋಕಿ ಬಂದರೆ ಹೀಗೆಯೇ.

ನವಾಬ ಎಂದರೆ ಅಂಗೈಯಷ್ಟು ಉದ್ದದ ಕಪ್ಪು ಮೀನು. ಮೈಮೇಲೆ ಮೂರು ಬಿಳಿ ಚುಕ್ಕೆ. ಎರಡು ವರ್ಷದಿಂದ ತೊಟ್ಟಿಯಲ್ಲಿ ಒಬ್ಬನೇ ಇದ್ದ. ಹೊರಡುವ ಮುಂಚಿನ ವಾರ ಮುಕ್ತಿಯಾರ್ ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು ತಂದು ಬಿಟ್ಟಿದ್ದಾನೆ, ಒಂದು ದೊಡ್ಡದು, ಒಂದು ಚಿಕ್ಕದು. ಹೆಂಡತಿ ಕೇಳಿದಳಂತೆ. ಹನ್ನೆರಡು ವರ್ಷಕ್ಕೆ ಒಮ್ಮೆ ಬಾಯಿ ತೆರೆದು ಕೇಳಿದ್ದೂ ಮೀನು!

ನವಾಬ ಆ ಎರಡನ್ನೂ ಬೆಳಗಿನಿಂದ ಸಂಜೆಯವರೆಗೆ ಅಟ್ಟಿಸಿಕೊಂಡು ಹೋಗಿ ಕಚ್ಚುತ್ತಾನೆ. ಮೀನಿನ ಅಂಗಡಿಯ ಸೊಹೇಲ್‌ನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ. ರಸಾಯನಶಾಸ್ತ್ರದಲ್ಲಿ ಹದಿನೆಂಟು ಅಂಕ ತೆಗೆದವನು, ಈಗ ನನಗೆ ಪಾಠ ಹೇಳಿದ.

"ಶಾಕೀರಾ ಮೇಡಂ, ಯಾವ ಮೀನು ಮೊದಲ ಬಂದಿರ್ತೈತಿ, ಅದಕ್ಕ ಮನಿ ಎಲ್ಲಾ ತನ್ನದ ಅನ್ನಿಸ್ತೈತ್ರಿ. ಹೊಸದು ಬಂದ್ರ ಹೊಡಿತೈತಿ. ಒಳಗಿನ ಕಲ್ಲು ಜಾಗಾ ಬದಲಿ ಮಾಡ್ರಿ. ತನ್ನ ಮೂಲಿ ಯಾವುದು ಅಂತ ಅದಕ್ಕ ತಿಳಿಬಾರದು."

ಮೂರ್ಖರ ಲೋಕದಲ್ಲಿ ಮೀನೂ ಮೂರ್ಖವೇ. ಬಂದವರು ಬಂದಮೇಲೆ ಹೊಂದಿಕೊಂಡು ಹೋಗಬೇಕು, ಅಷ್ಟೆ.

ಮೇ 14

ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಬೇರೆ ಕಡೆ ಇಟ್ಟೆ. ವಸೀಮಾ ಬಕೆಟ್ ಹಿಡಿದು ನಿಂತಿದ್ದಳು. ನವಾಬ ದಿಕ್ಕು ತಪ್ಪಿ ಗಾಜಿಗೆ ಮುಖ ಒತ್ತಿಕೊಂಡು ನಿಂತ. ಪಟ್ಟೆ ಮೀನುಗಳು ಮೊದಲ ಬಾರಿ ತೊಟ್ಟಿಯ ನಡುವೆ ಬಂದವು. ವಿಜ್ಞಾನ ಎಂದರೆ ಇದು.

ಮೇ 15

ನವಾಬ ಹೊಸ ಮೂಲೆ ಹಿಡಿದ. ಚಿಕ್ಕದರ ಬಾಲದ ತುದಿ ಹೋಗಿದೆ.

ಮೇ 18, ಭಾನುವಾರ

ಇಂಟರ್‌ನೆಟ್ಟಿನಲ್ಲಿ ಓದಿ ತೊಟ್ಟಿಯ ಹೊರಗೆ ಒಂದು ಕನ್ನಡಿ ಒರಗಿಸಿದೆ. ಜಗಳಗಂಟ ಮೀನು ಕನ್ನಡಿಯಲ್ಲಿ ಕಾಣುವ ತನ್ನದೇ ರೂಪದ ಜೊತೆ ಕಾದಾಡುತ್ತ ಉಳಿದವರನ್ನು ಬಿಡುತ್ತದಂತೆ. ಕನ್ನಡಿ ವಸೀಮಾಳದು, ತವರಿನಿಂದ ತಂದದ್ದು. ನವಾಬ ಅರ್ಧ ದಿನ ಗಾಜಿಗೆ ಢಿಕ್ಕಿ ಹೊಡೆದ.

"ಪಾಪ, ತನ್ನ ಜೋಡಿ ತಾನ ಜಗಳಾಡಾಕತ್ತಾನ" ಎಂದಳು. ಅವಳಿಗೆ ಎಲ್ಲರೂ ಪಾಪವೇ. ಕಚ್ಚಿದವನೂ ಪಾಪ, ಕಚ್ಚಿಸಿಕೊಂಡವನೂ ಪಾಪ.

ಕೂಲರಿನ ಗಾಳಿಗೆ ತೊಟ್ಟಿಯ ನೀರು ದಿನಕ್ಕೊಂದು ಬೆರಳು ಇಳಿಯುತ್ತಿದೆ. ಮುಕ್ತಿಯಾರ್ ಬರೆದಿಟ್ಟ ಚೀಟಿಯಲ್ಲಿ "ನೀರು ಇಳಿದರೆ ತುಂಬುವುದು" ಎಂದಷ್ಟೇ ಇದೆ. ಯಾವ ನೀರು ಎಂದು ಬರೆಯುವಷ್ಟು ಬುದ್ಧಿ ಅವನಿಗಿಲ್ಲ. ಸಮುದ್ರದ ಮೀನಿಗೆ ಸಮುದ್ರದ ನೀರು, ಇಷ್ಟು ತಿಳಿಯಲು ಚೀಟಿ ಬೇಕಿಲ್ಲ. ಸಮುದ್ರದ ಉಪ್ಪು ಕಲಸಿದ ನೀರನ್ನೇ ದಿನಾ ತುಂಬುತ್ತಿದ್ದೇನೆ. ಇವತ್ತು ತುಂಬುವಾಗ ಬಳೆಗಾರರ ಮಗಳು ಬಂದು ಪಕ್ಕದಲ್ಲಿ ನಿಂತಳು.

"ಆಪಾ, ಸಾರು ಕುದ್ದು ಕಡಿಮಿ ಆದ್ರ ನಾವು ಬರೇ ನೀರು ಹಾಕ್ತೀವಲ್ರಿ. ಉಪ್ಪಿನ ನೀರು ಹಾಕಂಗಿಲ್ಲ."

"ಇದು ಸಾರಲ್ಲ, ಸಮುದ್ರ" ಎಂದೆ.

"ಹೂಂ ರೀ ಆಪಾ."

ಚಿಕ್ಕ ಮೀನು ಈಗೀಗ ತೊಟ್ಟಿಯ ಪೈಪಿನ ಹಿಂದಿನಿಂದ ಈಚೆಗೇ ಬರುವುದಿಲ್ಲ. ಕಾಳು ಹಾಕಿದರೆ ನವಾಬ ತಿಂದು ತನ್ನ ಕಲ್ಲಿನಡಿ ಹೋಗುವವರೆಗೂ ಕಾಯುತ್ತದೆ. ಅಷ್ಟರಲ್ಲಿ ಕಾಳು ತಳ ಸೇರಿರುತ್ತದೆ. ಅಂಜುಬುರುಕತನಕ್ಕೂ ಒಂದು ಮಿತಿ ಬೇಕು.

ಮಧ್ಯಾಹ್ನ ಊಟಕ್ಕೆ ಕೂತಾಗ ವಸೀಮಾ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಮನೆಯಲ್ಲಿ ಇರುವವರೇ ಇಬ್ಬರು, ಸುಮ್ಮನೆ "ನೀನೂ ಕೂಡು" ಎಂದೆ.

"ನೀವು ಎದ್ದ ಮ್ಯಾಲ ಉಣ್ತೀನ್ರಿ."

"ಯಾಕ?"

"ರೂಢಿ ರೀ ಆಪಾ."

ಆಗ ಹೊಳೆಯಿತು: ಈ ಹೆಣ್ಣು ಉಣ್ಣುವುದನ್ನು ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಬಳೆಗಾರರ ಮನೆಯ ಪದ್ಧತಿ ಇರಬೇಕು.

ಮೇ 22, ಗುರುವಾರ

ಚಿಕ್ಕ ಮೀನು ಸತ್ತಿತು. ಬೆಳಿಗ್ಗೆ ಪೈಪಿನ ಹಿಂದೆ ಅಡ್ಡ ಮಲಗಿತ್ತು. ರೆಕ್ಕೆ ಎಂಬುದು ಉಳಿದೇ ಇರಲಿಲ್ಲ. ವಸೀಮಾ ಅದನ್ನು ಬರಿಗೈಯಲ್ಲಿ ಎತ್ತಿ, ಅಂಗಳದ ನಿಂಬೆಗಿಡದ ಬುಡದಲ್ಲಿ ಹೂಳಿ, ಅಳುತ್ತ ಕೂತಳು. ಬೆರಳುದ್ದದ ಮೀನಿಗೆ!

ನಾನು ಹದಿಮೂರು ದಿನ ಕಲ್ಲು ಸರಿಸಿದ್ದೇನೆ, ಕನ್ನಡಿ ಇಟ್ಟಿದ್ದೇನೆ, ನೀರು ತುಂಬಿದ್ದೇನೆ. ಅವಳು ಮಾಡಿದ್ದೇನು? ನೋಡುತ್ತ ಕೂತದ್ದು, ಕದ್ದು ಕದ್ದು ಹೆಚ್ಚು ಕಾಳು ಹಾಕಿದ್ದು. ಸಿಟ್ಟು ಬಂತು. ಬಾಯಿಂದ ಬಂದದ್ದನ್ನು ಬಂದಂತೆಯೇ ಬರೆದಿಡುತ್ತೇನೆ, ಇದು ನನ್ನ ಪುಸ್ತಕ:

"ನಿನ್ನ ಕೈಯಾಗ ಯಾವ ಜೀವಾನೂ ನಿಲ್ಲೂದಿಲ್ಲ."

ನಾನು ಹೇಳಿದ್ದು ಮೀನಿನ ಬಗ್ಗೆ. ಅವಳಿಗೆ ಎರಡು ಸಲ ಬಸುರು ನಿಂತು ಇಳಿದುಹೋದದ್ದು ನನಗೆ ಆ ಕ್ಷಣ ನೆನಪಿರಲಿಲ್ಲ. ಆಮೇಲೆ ನೆನಪಾಯಿತು. ಆಡಿದ ಮಾತನ್ನು ಹಿಂದಕ್ಕೆ ನುಂಗಲು ಬರುತ್ತದೆಯೇ?

ಅವಳು ಅಳು ನಿಲ್ಲಿಸಿದಳು. ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಹೋದಳು. ಅವಳಿಗೇನೂ ಅನ್ನಿಸಿಲ್ಲ.

ಮೇ 23

ಡಬ್ಬಿ ತುಂಬ ರೊಟ್ಟಿ ಮಾಡಿಟ್ಟು ಲಿಂಗಸುಗೂರಿಗೆ ಹೋಗಿದ್ದಾಳೆ. ಹೇಳಿ ಹೋಗಲಿಲ್ಲ. ಒಳ್ಳೆಯದಾಯಿತು.

ಮೇ 24, ಶನಿವಾರ

ಶಾಂತಿ. ಇಂಥ ಶಾಂತಿಗೆ ಎಷ್ಟು ವರ್ಷ ಕಾದಿದ್ದೆ! ಬೆಳಿಗ್ಗೆ ಓದಿದೆ. ಆಮೇಲೂ ಓದಿದೆ. ಹನ್ನೊಂದರ ಹೊತ್ತಿಗೆ ಓದಿ ಸಾಕಾಯಿತು.

ಉಳಿದ ದೊಡ್ಡ ಪಟ್ಟೆ ಮೀನು ಈಗ ಪೈಪಿನ ಹಿಂದಿನ ಅದೇ ಜಾಗಕ್ಕೆ ಬಂದು ನಿಂತಿದೆ. ಏನು ಹಾಕಿದರೂ ಬಾಯಿ ಹಾಕುವುದಿಲ್ಲ. ಉಸಿರು ಜೋರು. ವಸೀಮಾ ಅದರ ಮುಂದೆ ಗಾಜಿಗೆ ಬೆರಳಿಟ್ಟು ಏನೋ ಗೊಣಗುತ್ತಿದ್ದಳು, ಆಗ ತಿನ್ನುತ್ತಿತ್ತು. ನಾನೂ ಬೆರಳಿಟ್ಟೆ. ಗೊಣಗಲಿಕ್ಕೆ ಏನೂ ತೋಚಲಿಲ್ಲ.

ಮಧ್ಯಾಹ್ನ ಎಷ್ಟೋ ವರ್ಷದ ಮೇಲೆ ಸ್ವತಃ ಬೇಳೆಸಾರು ಮಾಡಿದೆ. ಒಲೆಯ ಮೇಲಿಟ್ಟು ಮರೆತೆ. ಅರ್ಧ ಇಂಗಿತ್ತು. ಬಾಯಿಗೆ ಹಾಕಿದರೆ ಬರೀ ಉಪ್ಪು. ಲೋಟ ತುಂಬ ನೀರು ಹೊಯ್ಯಲು ಕೈ ಎತ್ತಿದವಳು ಹಾಗೆಯೇ ನಿಂತೆ.

ಹೋಗಿ ತೊಟ್ಟಿಯ ನೀರಿಗೆ ಉಪ್ಪಿನ ಮಾಪಕ ಇಳಿಸಿದೆ. 1.025 ಇರಬೇಕು. 1.034 ಇದೆ.

ಆವಿಯಾಗುವುದು ನೀರು. ಉಪ್ಪು ಅಲ್ಲಿಯೇ ಉಳಿಯುತ್ತದೆ. ಪ್ರತಿ ವರ್ಷ ಜೂನ್ ಮೊದಲ ವಾರ ಇದನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಇಪ್ಪತ್ತಾರು ಜೂನ್ ಬರೆದಿದ್ದೇನೆ. ಹದಿನೈದು ದಿನ ಉಪ್ಪಿನ ಮೇಲೆ ಉಪ್ಪು ಸುರಿದು, ಮೊದಲೇ ಏಟು ತಿಂದ ಮೀನನ್ನು ಉಪ್ಪಿನಕಾಯಿ ಮಾಡಿದವಳು ನಾನು.

ಸೊಹೇಲ್‌ಗೆ ಹದಿನೆಂಟು ಅಂಕ ಕೊಟ್ಟಿದ್ದೆ. ನನಗೆ ಎಷ್ಟು ಕೊಡಬೇಕೋ ತಿಳಿಯದು.

ಎರಡು ಬಕೆಟ್ ನೀರು ತೆಗೆದು, ಎರಡು ಬಕೆಟ್ ಸಿಹಿನೀರನ್ನು ಹನಿ ಹನಿಯಾಗಿ ಬಿಟ್ಟೆ. ಒಮ್ಮೆಗೇ ಬಿಟ್ಟರೆ ಅದೂ ಸಾಯುತ್ತದೆ.

ಮೇ 25, ಭಾನುವಾರ

ಲಿಂಗಸುಗೂರಿಗೆ ಹೋಗಿ ಬಂದೆ. ಕೇಳಬೇಕಾದದ್ದು ಒಂದೇ: ಆ ಮೀನಿನ ಮುಂದೆ ಏನು ಗೊಣಗುತ್ತಾಳೆ? ಫೋನ್ ಎತ್ತುತ್ತಿಲ್ಲ. ಬೇರೆ ದಾರಿ ಇರಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಪಾಮನಕಲ್ಲೂರಿನ ತಿಮ್ಮವ್ವ ಎಂಬ ಹೆಂಗಸು. ಹೆಸರು ನಾನು ಕೇಳಿರಲಿಲ್ಲ, ಅವಳೇ ಹೇಳಿದಳು.

"ಎಲ್ಲಿಗಿ ಹೊಂಟೀರಿ ಅಕ್ಕಾರ?"

"ಲಿಂಗಸುಗೂರಿಗೆ."

"ತವರಮನ್ಯೇನ್ರಿ?"

"ತಮ್ಮನ ಹೆಂಡತಿ ತವರು."

"ಸಿಟ್ಟು ಮಾಡ್ಕೊಂಡು ಹೋಗ್ಯಾಳೇನ್ರಿ?"

ನಾನು ಕಿಟಕಿಯ ಕಡೆ ತಿರುಗಿದೆ. ಇಂಥವರಿಗೆ ಉತ್ತರ ಕೊಡಬಾರದು.

"ಹಂಗಾರ ಬರಿಗೈಲೆ ಹೋಗಬ್ಯಾಡ್ರಿ" ಎಂದಳು, ಉತ್ತರ ಕೊಟ್ಟವರಿಗೆ ಹೇಳುವಂತೆ.

ಮಸ್ಕಿಯಲ್ಲಿ ಬಸ್ಸು ನಿಂತಾಗ ಒಂದು ಡಜನ್ ಬಾಳೆಹಣ್ಣು ಕೊಂಡೆ. ನನಗೆ ಹಸಿವಾಗಿತ್ತು.

ವಸೀಮಾಳ ತಾಯಿ ಮಾಸುಂಬಿ ಬಜಾರಿನ ಬಳೆ ಅಂಗಡಿಯಲ್ಲಿ ಯಾರದೋ ಕೈ ಒತ್ತುತ್ತ ಹಸಿರು ಬಳೆ ಏರಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ಮೊದಲು ಗಿರಾಕಿಯ ಬಳೆ ಮುಗಿಸಿದಳು, ಹನ್ನೆರಡೂ. ಆಮೇಲೆ ಹೇಳಿದಳು:

"ನನ್ನ ಮಗಳು ಕಲ್ತಿಲ್ಲ ಖರೆ ರೀ. ಕಲ್ತವರ ಮನ್ಯಾಗ ಹನ್ನೆರಡು ವರ್ಷ ಬಾಯಿ ಮುಚ್ಕೊಂಡು ಅದಾಳ. ಅದನ್ನ ಕಲಿಯಾಕ ಯಾವ ಸಾಲ್ಯಾಗ ಹಾಕ್ತಾರ್ರಿ?"

ನಾನು ಬಾಳೆಹಣ್ಣು ಕೊಟ್ಟೆ.

ವಸೀಮಾ ಒಳಕೋಣೆಯಲ್ಲಿ ಬಳೆಗಳನ್ನು ದಾರಕ್ಕೆ ಪೋಣಿಸುತ್ತ ಕೂತಿದ್ದಳು. ನಾನು ನಿಂತೇ ಹೇಳಿದೆ.

"ಮೀನು ನಿನ್ನಿಂದ ಸತ್ತಿಲ್ಲ. ಉಪ್ಪು ಹೆಚ್ಚಾಗಿತ್ತು. ನಾ ಹಾಕಿದ್ದು."

"ಗೊತ್ತಿತ್ರಿ ಆಪಾ."

"ಗೊತ್ತಿದ್ರ ಯಾಕ ಹೇಳಲಿಲ್ಲ?"

"ಹೇಳಿದ್ದೆ."

ಹೊರಗೆ ಮಾಸುಂಬಿ ಯಾರಿಗೋ ಬಳೆಯ ಅಳತೆ ಹೇಳುತ್ತಿದ್ದಳು. ವಸೀಮಾ ಒಂದು ದಾರಕ್ಕೆ ಗಂಟು ಹಾಕಿ ಕೆಳಗಿಟ್ಟಳು.

"ನನಗ ಹತ್ತಿದ್ದು ಮೀನಿನ ಮಾತಲ್ರಿ."

"ಗೊತ್ತು" ಎಂದೆ.

ಇನ್ನೂ ಏನೋ ಹೇಳಬೇಕಿತ್ತು. ಕುಡಿಯಲು ನೀರು ಕೇಳಿದೆ, ಬಿಸಿಲಿನಲ್ಲಿ ಬಂದದ್ದಕ್ಕೆ. ಅವಳು ಎದ್ದು ನೀರು ತಂದುಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತು ನನ್ನ ಮುಖವನ್ನೇ ನೋಡಿದಳು. ಇಷ್ಟು ಹೊತ್ತು ಯಾರೂ ನನ್ನನ್ನು ನೋಡಿದ ನೆನಪಿಲ್ಲ.

"ದೊಡ್ಡದು ತಿನ್ನಾಕತ್ತೈತೇನ್ರಿ?"

"ಇಲ್ಲ."

"ಬರ್ತೀನಿ. ಆದರ ನವಾಬ ಮನ್ಯಾಗ ಇರಬಾರದು. ಕಲ್ಲು ಸರಿಸಿ, ಕನ್ನಡಿ ಹಿಡದು, ಅವನ ಸಿಟ್ಟಿಗೆ ಎಷ್ಟು ದಿನ ಅಂತ ನಾವು ಮನಿ ತಿರುವಿ ಹಾಕೂದು? ಅವಗ ಬ್ಯಾರೆ ಮನಿ ಬೇಕು."

ನವಾಬ ಮುಕ್ತಿಯಾರ್‌ನ ಜೀವ. ಅವನಿಗೆ ಕೇಳದೆ ಹೇಗೆ ಎಂದೆ. ಅವಳು ಮತ್ತೊಂದು ದಾರ ಎತ್ತಿಕೊಂಡು ಬಳೆ ಪೋಣಿಸತೊಡಗಿದಳು. ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಸಂಜೆಯ ಬಸ್ಸಿಗೆ ಇಬ್ಬರೂ ಬಂದೆವು. ಅವಳು ಮೀನಿಗೆ ಗೊಣಗುವುದು ಏನೆಂದು ಕೇಳಲು ಮರೆತೇಬಿಟ್ಟೆ.

ಮೇ 27, ಮಂಗಳವಾರ

ನವಾಬನನ್ನು ಹಿಡಿಯಲು ಬೆಳಗಿನಿಂದ ಮಧ್ಯಾಹ್ನ ಎರಡರವರೆಗೆ ಹಿಡಿಯಿತು. ಎಲ್ಲ ಕಲ್ಲು ತೆಗೆದು, ಅರ್ಧ ನೀರು ಇಳಿಸಿ, ಆ ಕಡೆಯಿಂದ ಅವಳು ಜರಡಿ, ಈ ಕಡೆಯಿಂದ ನಾನು ಬಲೆ. ನನ್ನ ಬೆರಳು ಕಚ್ಚಿದ. ವಸೀಮಾ ನಕ್ಕಳು. ಹನ್ನೆರಡು ವರ್ಷದಲ್ಲಿ ಅವಳ ನಗು ಕೇಳಿದ್ದು ಇದೇ ಮೊದಲು. ಬಹಳ ಒರಟು ನಗು, ಕೋಳಿಯ ಹಾಗೆ.

ಆಟೋದಲ್ಲಿ ಬಕೆಟ್ ಹಿಡಿದು ಸೊಹೇಲ್‌ನ ಅಂಗಡಿಗೆ ಹೋದೆವು. ಅವನು ಒಂದು ಬೇರೆ ತೊಟ್ಟಿ ತಯಾರು ಮಾಡಿಟ್ಟಿದ್ದ. "ಒಬ್ಬನ ಇದ್ರ ಭಾಳ ಶಾಣ್ಯಾ ರೀ ಮೇಡಂ ಇದು. ಇದರ ತಪ್ಪೇನೈತಿ, ಇದರ ಜಾತಿನ ಹಂಗ."

ಹದಿನೆಂಟು ಅಂಕದವನಿಗೆ ಮೀನಿನ ವಿಷಯದಲ್ಲಿ ತಕ್ಕ ಮಟ್ಟಿಗೆ ತಿಳಿವಳಿಕೆ ಇದೆ.

ಸಂಜೆ ದೊಡ್ಡ ಪಟ್ಟೆ ಮೀನು ಪೈಪಿನ ಹಿಂದಿನಿಂದ ಬಂದು ಎರಡು ಕಾಳು ತಿಂದಿತು. ನಮಗೆ ಹೊಟ್ಟೆ ಹಸಿದಿದ್ದು ಆಗ ತಿಳಿಯಿತು. ಇಡೀ ದಿನ ಏನೂ ತಿಂದಿರಲಿಲ್ಲ. ಅಡುಗೆಮನೆಯ ನೆಲದ ಮೇಲೆಯೇ ಕೂತು ರೊಟ್ಟಿ, ಪುಂಡಿಪಲ್ಯ ತಿಂದೆವು. ಅವಳು ಉಪ್ಪಿನಕಾಯಿ ಅಗತ್ಯಕ್ಕಿಂತ ಹೆಚ್ಚು ಹಾಕಿಕೊಳ್ಳುತ್ತಾಳೆ. ಗಂಡನಿಗೆ ಗೊತ್ತಿದೆಯೋ ಇಲ್ಲವೋ.

ಜೂನ್ 3, ಮಂಗಳವಾರ

ಕಾಲೇಜು ಶುರುವಾಯಿತು. ಹೊಸ ಮುಖಗಳು, ಹಳೆಯ ಅಜ್ಞಾನ. ಆವಿಯಾಗುವಿಕೆ ಕಲಿಸುವಾಗ ಸಾರಿನ ಉದಾಹರಣೆ ಕೊಟ್ಟೆ. ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಇಪ್ಪತ್ತಾರು ವರ್ಷದಲ್ಲಿ ಹೀಗಾಗಿರಲಿಲ್ಲ. ಈ ಸಲದ ಬ್ಯಾಚು ಸ್ವಲ್ಪ ಚುರುಕು ಇರಬೇಕು.

ಬರುವಾಗ ಸೊಹೇಲ್‌ನ ಅಂಗಡಿಯ ಮುಂದೆ ಇಳಿದೆ. ನವಾಬ ಸಣ್ಣ ತೊಟ್ಟಿಯಲ್ಲಿ ಒಬ್ಬನೇ, ಒಂದು ಕಲ್ಲನ್ನು ಸುತ್ತುತ್ತಿದ್ದ. ಅಟ್ಟಲು ಯಾರೂ ಇಲ್ಲ. ಆದರೂ ನಡುನಡುವೆ ತಟ್ಟನೆ ತಿರುಗಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತಿದ್ದ. ಯಾಕೋ ಹತ್ತು ನಿಮಿಷ ನಿಂತೆ. ಹೊರಗೆ ಬಿಸಿಲಿತ್ತು.

ಜೂನ್ 7, ಬಕ್ರೀದ್

ಮಾಸುಂಬಿ ಬಂದಿದ್ದಳು. ನನ್ನ ಕೈ ಹಿಡಿದು, ಕೇಳದೆ, ಒಂದು ಡಜನ್ ಬಳೆ ಏರಿಸಿಬಿಟ್ಟಳು. ಇನ್ನು ಹಲಗೆಯ ಮೇಲೆ ಬರೆಯುವಾಗ ಗಲಗಲ ಎನ್ನುತ್ತವೆ, ಮಕ್ಕಳು ನಗುತ್ತಾರೆ. ತೆಗೆಯಬೇಕು. ಸೋಪು ಹಚ್ಚಿದರೂ ಬರುತ್ತಿಲ್ಲ. ಹೆಚ್ಚು ಎಳೆಯಲೂ ಇಲ್ಲ, ಒಡೆದರೆ ಕೈಗೆ ಚುಚ್ಚುತ್ತದೆ.

ಜೂನ್ 12, ಗುರುವಾರ

ದೊಡ್ಡದಕ್ಕೆ ಜೋಡಿ ಬೇಕೆಂದು ವಸೀಮಾ ಹೇಳಿದ್ದಕ್ಕೆ ಒಂದು ಪುಟ್ಟ ಪಟ್ಟೆ ಮೀನು ತಂದೆವು. ತಂದ ಅರ್ಧ ತಾಸಿಗೆ, ಏಟು ತಿಂದು ಪೈಪಿನ ಹಿಂದೆ ಅಡಗಿದ್ದ ಅದೇ ದೊಡ್ಡದು ಹೊಸದನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಿತು!

"ಅರೆ, ಇವಳೂ ಕಲ್ತಳು!" ಎಂದು ವಸೀಮಾ ಸೊಂಟದ ಮೇಲೆ ಕೈ ಇಟ್ಟಳು.

ಈ ಸಲ ಗಾಬರಿಯಾಗಲಿಲ್ಲ. ತೂತು ತೂತಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪುಟ್ಟದನ್ನು ಹಾಕಿ ತೊಟ್ಟಿಯೊಳಗೇ ತೂಗುಹಾಕಿದೆವು. ಒಂದನ್ನೊಂದು ನೋಡಲಿ, ಮುಟ್ಟದಿರಲಿ. ಕಾಳು ಎರಡು ಕಡೆ ಒಟ್ಟಿಗೇ ಹಾಕುವುದು, ಅವಳು ಆ ಕಡೆ, ನಾನು ಈ ಕಡೆ. ನಾನು ಐದು ನಿಮಿಷ ತಡವಾಗಿ ಬಂದರೆ ಬೈಯುತ್ತಾಳೆ: "ಆಪಾ, ಕಾಲೇಜಿನ್ಯಾಗೂ ಹಿಂಗ ತಡಾ ಮಾಡ್ತೀರೇನ್ರಿ?" ಬಾಯಿ ಬಂದಿದೆ. ಮುಚ್ಚಿದ್ದೇ ಚೆನ್ನಾಗಿತ್ತು.

ಜೂನ್ 18

ಡಬ್ಬಿಯಿಂದ ಬಿಟ್ಟೆವು. ದೊಡ್ಡದು ಎದುರಿಗೆ ಬಂದಾಗ ಪುಟ್ಟದು ಮೈ ಓರೆ ಮಾಡಿ ಗಡಗಡ ನಡುಗಿತು. ಸಾಯುತ್ತಿದೆ ಎಂದುಕೊಂಡೆ. "ಇಲ್ರಿ, ಅದು ಸಲಾಮ್ ಮಾಡಾಕತ್ತೈತಿ" ಎಂದಳು ವಸೀಮಾ. ಇಂಟರ್‌ನೆಟ್ಟಿನಲ್ಲಿ ನೋಡಿದೆ. ಅವಳು ಹೇಳಿದ್ದೇ ಸರಿ. ದೊಡ್ಡದು ಒಮ್ಮೆ ಸುತ್ತಿ ನೋಡಿ ಬಿಟ್ಟುಬಿಟ್ಟಿತು. ಸಂಜೆ ಎರಡೂ ಒಂದೇ ಕಲ್ಲಿನ ಮೇಲೆ ನಿಂತಿದ್ದವು.

ಜೂನ್ 20, ಶುಕ್ರವಾರ

ಹಾಜಿಗಳು ಬಂದರು. ಅಮ್ಮಿ ಸೊರಗಿದ್ದಾಳೆ, ಮುಖದಲ್ಲಿ ಬೆಳಕಿದೆ. ಮುಕ್ತಿಯಾರ್ ತಲೆ ಬೋಳಿಸಿಕೊಂಡು ಬದನೆಕಾಯಿಯಂತೆ ಕಾಣುತ್ತಾನೆ. ಬಂದವರಿಗೆಲ್ಲ ಜಮ್‌ಜಮ್ ನೀರು, ಖರ್ಜೂರ ಹಂಚಿ, ಕೊನೆಯ ನೆಂಟರು ಹೋದಮೇಲೆ ಅವನು ತೊಟ್ಟಿಯ ಮುಂದೆ ನಿಂತ.

"ನವಾಬ ಎಲ್ಲಿ?"

ಎರಡೆರಡು ಸಲ ಕೇಳಿದ. ಎರಡು ವರ್ಷ ಸಾಕಿದ್ದು, ನನಗ ಕೇಳದ ಯಾರು ಕೊಟ್ರು, ಎಂದು ದನಿ ಏರಿಸಿದ. ನಲವತ್ತು ದಿನ ಅಲ್ಲಾಹನ ಮನೆಯಲ್ಲಿದ್ದು ಬಂದವನು! ವಸೀಮಾ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಮುಖದ ಬಣ್ಣ ಇಳಿದಿತ್ತು.

ನಾನು ಎದ್ದು ನಿಂತೆ. "ನಾ ಕೊಟ್ಟೆ. ನನ್ನ ವಿಚಾರ. ನಿನ್ನ ಹೆಂಡತಿ ಬ್ಯಾಡ ಅಂದಳು, ನಾ ಕೇಳಲಿಲ್ಲ. ಏನು ಕೇಳ್ತೀ ನನ್ನ ಕೇಳು."

ಅವನ ಬಾಯಿ ಅಲ್ಲಿಗೇ ಮುಚ್ಚಿತು. ನನ್ನ ಜೊತೆ ಜಗಳಕ್ಕೆ ನಿಲ್ಲುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ವಿಷಯ ಅಚ್ಚುಕಟ್ಟಾಗಿ ಮುಗಿದಿತ್ತು. ಅಷ್ಟರಲ್ಲಿ ಆ ಹೆಣ್ಣು ಬಾಗಿಲು ಬಿಟ್ಟು ಹಜಾರದ ನಡುವೆ ಬಂದಳು.

"ಆಪಾ ಸುಳ್ಳು ಹೇಳಾಕತ್ತಾರ. ನವಾಬ ಬ್ಯಾಡ ಅಂದಾಕಿ ನಾನು. ಅವ ಇರೂತನ ನಾ ಬರಂಗಿಲ್ಲ ಅಂದಿದ್ದೆ. ನಿಮಗ ಸಿಟ್ಟು ಬಂದ್ರ ನನ್ನ ಮ್ಯಾಲ ಬರ್ಲಿ."

ಮುಕ್ತಿಯಾರ್ ಅವಳನ್ನು ನೋಡಿದ, ನನ್ನನ್ನು ನೋಡಿದ, ತೊಟ್ಟಿಯನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತ. "ಎಲ್ಲಿಂದ ಬರಂಗಿಲ್ಲ ಅಂದಿದ್ದಿ? ನೀ ಎಲ್ಲಿಗಿ ಹೋಗಿದ್ದಿ?" ಎಂದು ಕೇಳಿದ. ಹೆಂಡತಿ ಮನೆ ಬಿಟ್ಟು ಹೋಗಿದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಅದನ್ನೂ ಹೇಳಬೇಕಾಯಿತು, ಯಾಕೆ ಹೋದಳು ಎಂಬುದನ್ನೂ. ಅದನ್ನು ನಾನೇ ಹೇಳಿದೆ. ಆಡಿದ ಮಾತನ್ನು ಆಡಿದಂತೆಯೇ, ಅಮ್ಮಿಯ ಎದುರಿಗೆ. ಅಮ್ಮಿ ಜಪಮಣಿ ಎಣಿಸುವುದನ್ನು ನಿಲ್ಲಿಸಿದಳು.

ಎಲ್ಲ ಹಾಳು. ಎಷ್ಟು ಚಂದದ ಸುಳ್ಳು ಹೇಳಿದ್ದೆ, ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಈ ಬುದ್ಧಿಗೇಡಿ ಹೆಣ್ಣಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ನಾಳೆ ಮೀನಿಗೆ ಕಾಳು ಹಾಕುವಾಗ ಸ್ಪಷ್ಟವಾಗಿ ಹೇಳಬೇಕು: ಇನ್ನು ಮೇಲೆ ಸುಳ್ಳು ಹೇಳುವುದಿದ್ದರೆ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳೋಣ ಎಂದು.